ನಾಲ್ಕನೇ ನಿಮಿಷದ ಬಿಳಿ ಕಲೆ

"ಸೈನ್ ಹಾಕಿ" ಎಂದರು ದೊಡ್ಡ ಡಾಕ್ಟರು. ಪೆನ್ನಿನ ಮುಚ್ಚಳವನ್ನೂ ಅವರೇ ತೆಗೆದುಕೊಟ್ಟಿದ್ದರು.

ಮೇಜಿನ ಮೇಲಿದ್ದ ಕಾಗದದಲ್ಲಿ ನಾಲ್ಕೇ ಸಾಲು. ಹೊಟ್ಟೆನೋವೆಂದು ದಾಖಲಾದ ವೆಲ್ಡರ್ ಒಬ್ಬನ ಸ್ಕ್ಯಾನ್ ನಿನ್ನೆ ಮಾಡುವಾಗ ಮೇದೋಜೀರಕದ ನಾಳದಿಂದ ಸೋರಿಕೆ ಕಂಡಿತೆಂದು ಪುಸ್ತಕದಲ್ಲಿ ಬರೆದದ್ದು ನನ್ನ ತಪ್ಪು, ಅದನ್ನು ರೋಗಿಯ ಅಕ್ಕನ ಕಿವಿಗೆ ಹಾಕಿದ್ದು ಅದಕ್ಕಿಂತ ದೊಡ್ಡ ತಪ್ಪು, ಕ್ಷಮೆ ಇರಲಿ, ಎಂದು.

"ನಿಮ್ಮ ಕೆಲಸಕ್ಕೆ ಕುತ್ತು ಬರಬಾರದು ಅಂತಲೇ ಇಷ್ಟಕ್ಕೆ ಮುಗಿಸಿದ್ದೀನಿ. ಹನ್ನೆರಡು ಗಂಟೆಗೆ ಅವನು ಡಿಸ್ಚಾರ್ಜ್. ಅಷ್ಟರೊಳಗೆ ಇದು ಫೈಲಿಗೆ ಸೇರಬೇಕು."

ಗೋಡೆಯ ಗಡಿಯಾರ ಹನ್ನೊಂದು ದಾಟಿ ಐದು ನಿಮಿಷ ತೋರಿಸುತ್ತಿತ್ತು.

ಗಡಿಯಾರದಮ್ಮ ಪೆನ್ನು ಮುಟ್ಟಲಿಲ್ಲ. ಹದಿನಾಲ್ಕು ವರ್ಷದಿಂದ ಆ ಸ್ಕ್ಯಾನ್ ಯಂತ್ರ ನಡೆಸುತ್ತಿದ್ದ ಟೆಕ್ನಿಷಿಯನ್ ಅವಳು. ಗಡಿಯಾರದಮ್ಮ ಎಂಬ ಹೆಸರು ಕಟ್ಟಿದ್ದು ಆಸ್ಪತ್ರೆಯವರು. ಹಾರ್ಮೋನ್ ಕೊಟ್ಟು ಮಾಡುವ ಸ್ಕ್ಯಾನಿನಲ್ಲಿ ಒಂದೊಂದು ನಿಮಿಷವನ್ನೂ ಗಟ್ಟಿಯಾಗಿ ಕೂಗಿ ಹೇಳುವುದು ಅವಳ ಪದ್ಧತಿ. ಕೋಣೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ ಕೂಗುತ್ತಿದ್ದಳು.

ಮನೆಯಿಂದ ಹೊರಟ ಮೇಲೆ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂತಿರುಗುವ ಜಾತಿ ಅವಳದು. ನಿನ್ನೆ ಕಂಡದ್ದು ನಿಜವೇ, ಕಣ್ಣಿನ ಭ್ರಮೆಯೇ ಎಂದು ರಾತ್ರಿಯೆಲ್ಲ ಹೊರಳಾಡಿದ್ದಳು. ಈಗ ಪೆನ್ನು ಹತ್ತಿರ ಬಂದಂತೆ ಕೈ ತಾನಾಗಿಯೇ ಮುಂದೆ ಹೋಗಿಬಿಡುತ್ತದೇನೋ ಎಂಬ ಭಯಕ್ಕೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕುಳಿತಳು.

"ಹಾಕಲ್ಲ ಸಾರ್."

"ಏನಂದ್ರಿ?"

"ಸೈನ್ ಹಾಕಲ್ಲ ಅಂದೆ."

ದೊಡ್ಡ ಡಾಕ್ಟರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಹದಿನಾಲ್ಕು ವರ್ಷದಲ್ಲಿ ಈ ಹೆಂಗಸಿನ ಬಾಯಿಂದ 'ಇಲ್ಲ' ಎಂಬ ಮಾತು ಕೇಳಿದ್ದು ಅವರಿಗೆ ಇದೇ ಮೊದಲು.

"ನೋಡಮ್ಮ, ಯಂತ್ರ ನಡೆಸೋದು ನಿಮ್ಮ ಕೆಲಸ. ಚಿತ್ರ ಓದೋದು ನನ್ನ ಕೆಲಸ. ಹತ್ತು ಚಿತ್ರನೂ ನೋಡಿದ್ದೀನಿ. ನಾಳ ಚೆನ್ನಾಗಿ ಹಿಗ್ಗಿದೆ, ಚೆನ್ನಾಗಿ ಕುಗ್ಗಿದೆ. ಹನಿ ಕೂಡ ಸೋರಿಲ್ಲ. ಕುಡಿದೂ ಕುಡಿದೂ ಬಂದ ಊತ. ಮನೆಗೆ ಹೋಗಿ ಕುಡಿಯೋದು ಬಿಟ್ರೆ ಸರಿಹೋಗ್ತಾನೆ."

"ನೀವು ಓದಿದ್ದು ಸರಿಯಾಗೇ ಇದೆ ಸಾರ್. ಆದ್ರೆ ಆ ಚಿತ್ರ ಅವನದ್ದಲ್ಲ."

ಡಾಕ್ಟರು ಮೇಜಿನ ಪಕ್ಕದ ಪರದೆಯತ್ತ ಕುರ್ಚಿ ತಿರುಗಿಸಿದರು. ಪಕ್ಕದ ಕೋಣೆಯ ಯಂತ್ರದ ಪಂಪು ಟಿಕ್ ಟಿಕ್ ಎನ್ನುತ್ತಿತ್ತು.

ಈ ಸ್ಕ್ಯಾನಿನ ಮರ್ಮ ಇಷ್ಟೇ. ಮೇದೋಜೀರಕದ ನಾಳ ದಾರದಷ್ಟು ಸಣ್ಣದು. ಸುಮ್ಮನೆ ಚಿತ್ರ ತೆಗೆದರೆ ಎಲ್ಲಿ ಒಡೆದಿದೆ, ಎಲ್ಲಿ ಕಟ್ಟಿದೆ ಎಂದು ಎಷ್ಟೋ ಸಲ ತಿಳಿಯುವುದಿಲ್ಲ. ಅದಕ್ಕೇ ರಕ್ತಕ್ಕೆ ಸೆಕ್ರೆಟಿನ್ ಎಂಬ ಹಾರ್ಮೋನು ಬಿಡುತ್ತಾರೆ. ಅದು ಹೋದದ್ದೇ ತಡ, ಗ್ರಂಥಿ ರಸ ಸುರಿಸತೊಡಗುತ್ತದೆ. ನಾಳ ತುಂಬಿ ಹಿಗ್ಗುತ್ತದೆ. ನಿಮಿಷಕ್ಕೊಂದರಂತೆ ಹತ್ತು ಚಿತ್ರ. ಆ ಚಿತ್ರಗಳಲ್ಲಿ ನೀರೆಲ್ಲ ಬಿಳಿ. ನಾಳ ಒಡೆದಿದ್ದರೆ ರಸ ಹೊರಗೆ ನುಗ್ಗಿ, ಪಕ್ಕದಲ್ಲಿ ಬಿಳಿ ಕಲೆ ಹರಡುತ್ತದೆ.

ನಿನ್ನೆ "ನಾಲ್ಕು!" ಎಂದು ಕೂಗಿದ ಗಳಿಗೆಯಲ್ಲಿ ಗಡಿಯಾರದಮ್ಮ ಅದನ್ನು ಕಂಡಿದ್ದಳು. ಬೆನ್ನುಮೂಳೆಯ ನೇರಕ್ಕೆ, ನಾಳದ ನಟ್ಟನಡುವೆ, ಅಕ್ಕಿಕಾಳಿನಷ್ಟು ಬಿಳಿ. ಐದಕ್ಕೆ ಹುಣಸೆಬೀಜದಷ್ಟು. ಎಂಟಕ್ಕೆ ಹೆಬ್ಬೆಟ್ಟಿನಷ್ಟು. ಹೊಟ್ಟೆಗೆ ಗಟ್ಟಿ ಏಟು ಬಿದ್ದಾಗ ನಾಳ ಬೆನ್ನುಮೂಳೆಗೆ ಒತ್ತಿ ತುಂಡಾಗುವ ಜಾಗ ಅದು.

"ಅವನದ್ದಲ್ಲ ಅಂದ್ರೆ?" ಡಾಕ್ಟರ ದನಿ ಏರಿತು. "ಹೆಸರು ಅವನದ್ದು, ನಂಬರ್ ಅವನದ್ದು, ತಾರೀಖು ನಿನ್ನೇದು."

"ಹೆಸರು ಮೇಲೆ ಅಂಟಿಸಿದ್ದು ಸಾರ್. ಜಠರ ನೋಡಿ."

ಅವಳು ಎದ್ದು ಪರದೆಯ ಹತ್ತಿರ ಹೋದಳು. ಬೆರಳನ್ನು ಗಾಜಿಗೆ ಒತ್ತಿಹಿಡಿದಳು.

"ಇದು ಹಾರ್ಮೋನ್ ಕೊಡೋಕ್ಕೆ ಮುಂಚಿನ ಚಿತ್ರ. ಜಠರ ಕಪ್ಪಗಿದೆ. ಯಾಕೆ? ನಾನು ಅವನಿಗೆ ಅನಾನಸ್ ರಸ ಕುಡಿಸಿದ್ದೆ. ಎರಡು ಲೋಟ. ಜಠರದ ನೀರು ಬೆಳ್ಳಗೆ ಕಂಡು ನಾಳನ ಮುಚ್ಚಬಾರದು ಅಂತ ಎಲ್ರಿಗೂ ಕುಡಿಸ್ತೀನಲ್ಲ, ಹಾಗೆ. ಈಗ ಇದು ನೋಡಿ. ಹಾರ್ಮೋನ್ ಕೊಟ್ಟ ಮೇಲಿನ ಮೊದಲನೇ ಚಿತ್ರ. ಜಠರ ಹಾಲಿನಷ್ಟು ಬೆಳ್ಳಗಿದೆ."

ಡಾಕ್ಟರು ಬಗ್ಗಿದರು.

"ಎರಡು ನಿಮಿಷದಲ್ಲಿ ಯಾರಾದ್ರೂ ಅವನ ಜಠರ ತೊಳೆದು ನೀರು ತುಂಬಿಸಿ ತಂದ್ರಾ ಸಾರ್?"

"ಕುಡಿದಿರಲ್ಲ ಅವನು. ಬಾಯಲ್ಲಿ ಇಟ್ಕೊಂಡು ಉಗಿದಿರ್ತಾನೆ."

"ಹಾಗಾದ್ರೆ ಮೊದಲನೇದು ಯಾಕೆ ಕಪ್ಪು?"

ಅಷ್ಟರಲ್ಲಿ ಬಾಗಿಲ ಮೇಲೆ ಗುದ್ದು ಬಿತ್ತು.

"ಏನ್ರೀ, ಒಳಗೆ ಕೂತು ಮೊಟ್ಟೆಗೆ ಕಾವು ಕೊಡ್ತಿದ್ದೀರಾ? ಬಾಗಿಲು ತೆಗೀರಿ!"

ತೆಗೆಯುವವರೆಗೂ ಕಾಯುವ ಹೆಂಗಸಲ್ಲ ಅದು. ತಾನೇ ತಳ್ಳಿಕೊಂಡು ಒಳಗೆ ಬಂದಳು. ವೆಲ್ಡರ್‌ನ ಅಕ್ಕ. ಅವನು ಕೆಲಸ ಮಾಡುವ ಉಕ್ಕಿನ ಯಾರ್ಡಿನಲ್ಲೇ ಅವಳಿಗೂ ಕೆಲಸ. ಎತ್ತರದ ಕ್ರೇನು ಓಡಿಸುತ್ತಾಳೆ. ಯಾರ್ಡಿನಲ್ಲಿ ಎಲ್ಲರಿಗೂ ಕ್ರೇನಕ್ಕ. ಐವತ್ತಡಿ ಕೆಳಗಿನವರಿಗೆ ಕೇಳುವಂತೆ ಕೂಗಿ ಕೂಗಿ ಅವಳ ದನಿಗೆ ಪಿಸುಮಾತು ಮರೆತೇ ಹೋಗಿತ್ತು.

"ನನ್ನ ತಮ್ಮನ್ನ ಕುಡುಕ ಅಂತ ಬರೆದಿದ್ದೀರಂತೆ! ಕೆಮ್ಮಿನ ಔಷಧಿ ಕುಡಿಸ್ಬೇಕಾದ್ರೇ ಮೂಗು ಹಿಡೀಬೇಕು ಅವನಿಗೆ. ಅವನು ಕುಡುಕನಾ?"

"ಅವನೇ ಹೇಳಿದ್ದು ಕಣಮ್ಮ" ಎಂದರು ಡಾಕ್ಟರು. "ಕೇಸ್ ಶೀಟಲ್ಲಿದೆ. ನಾನು ಕೇಳಿದಾಗ, ದಿನಾ ಕುಡೀತೀನಿ, ಅವತ್ತೂ ಕುಡಿದು ಬಿದ್ದೆ ಅಂದ."

"ಹೇಳಿಸಿದ್ದಾರೆ! ಯಾರ್ಡಿನವರು ಹೆದರಿಸಿ ಹೇಳಿಸಿದ್ದಾರೆ. ಮೂರನೇ ಕ್ರೇನ್ ಓಡಿಸೋನು ಮ್ಯಾನೇಜರ್ ಭಾಮೈದ. ಅವನೇ ಕೊಕ್ಕೆ ಬೀಸಿ ತಮ್ಮನ ಹೊಟ್ಟೆಗೆ ಬಡಿದಿರೋದು. ಈಗ ಕುಡಿದು ಬಿದ್ದ ಅಂತ ಕಥೆ ಕಟ್ಟಿದ್ದಾರೆ."

"ನೀವು ಕಣ್ಣಾರೆ ನೋಡಿದ್ರಾ?" ಎಂದು ಕೇಳಿದಳು ಗಡಿಯಾರದಮ್ಮ.

"ನೋಡೋದೆಲ್ಲಿಂದ ಬಂತು ಮೇಡಂ? ನಾನು ಒಂದನೇ ಕ್ರೇನಲ್ಲಿದ್ದೆ. ಆ ಗಾಜಿನ ಡಬ್ಬಿಯಲ್ಲಿ ಕೂತ್ರೆ ಕೆಳಗೆ ಸನ್ನೆ ಮಾಡೋನ ಕೈ ಬಿಟ್ಟು ಇನ್ನೇನೂ ಕಾಣಲ್ಲ. ಇಳಿದು ಬರೋಷ್ಟರಲ್ಲಿ ಇವನನ್ನ ಎತ್ಕೊಂಡು ಹೋಗಿದ್ರು. ಆದ್ರೆ ನನಗೆ ಗೊತ್ತು. ಆ ಮೂರನೇ ಕ್ರೇನಿನವನು ಅವತ್ತಿಂದ ನನ್ನ ಮುಖ ನೋಡ್ತಿಲ್ಲ."

"ಹೊರಗೆ ಹೋಗಮ್ಮ" ಎಂದರು ಡಾಕ್ಟರು.

"ಹೋಗಲ್ಲ" ಎಂದು ಕ್ರೇನಕ್ಕ ಗಡಿಯಾರದಮ್ಮ ಬಿಟ್ಟೆದ್ದ ಕುರ್ಚಿಯಲ್ಲಿ ಕುಳಿತೇಬಿಟ್ಟಳು. ಕುರ್ಚಿ ಕಿರ್ ಎಂದಿತು.

ದೊಡ್ಡ ಡಾಕ್ಟರು ಆ ಕಡೆ ನೋಡಲಿಲ್ಲ. ಅವರ ಕಣ್ಣು ಬಿಳಿ ಜಠರದ ಮೇಲೇ ನೆಟ್ಟಿತ್ತು. ಜಂಬದ ಮನುಷ್ಯರೇ ಹೊರತು ಕಣ್ಣು ಕುರುಡಾದವರಲ್ಲ.

"ಸರಿ" ಎಂದರು ಕೊನೆಗೆ, ಮೆತ್ತಗೆ. "ಇದು ಅವನದ್ದಲ್ಲ ಅಂತಲೇ ಇಟ್ಕೊಳ್ಳೋಣ. ಹಾಗಾದ್ರೆ ಯಾರದ್ದು?"

ಬೆಳಿಗ್ಗೆ ಏಳೂವರೆಗೆ ಈ ಚಿತ್ರಗಳನ್ನು ತೆರೆದಾಗಲೇ ಉತ್ತರ ಗಡಿಯಾರದಮ್ಮನಿಗೆ ಗೊತ್ತಾಗಿತ್ತು. ಅಲ್ಲಿಂದ ಇಲ್ಲಿಯವರೆಗೆ ಅದನ್ನು ನುಂಗಿಕೊಂಡೇ ಇದ್ದಳು. ಹೇಳಿದರೆ ಕೊರಳಿಗೆ ತಾನೇ ಹಗ್ಗ ಹಾಕಿಕೊಂಡಂತೆ. ಹೇಳದಿದ್ದರೆ ಮೇಲಿನ ವಾರ್ಡಿನಲ್ಲಿ ಒಬ್ಬ ಮನುಷ್ಯ ಒಡೆದ ನಾಳ ಇಟ್ಟುಕೊಂಡು ಮನೆಗೆ ಹೋಗುತ್ತಾನೆ. ಸೋರುವ ರಸ ಅನ್ನವನ್ನಷ್ಟೇ ಕರಗಿಸುವುದಿಲ್ಲ, ಹೊಟ್ಟೆಯೊಳಗಿನ ಮಾಂಸವನ್ನೂ ಕರಗಿಸುತ್ತದೆ. ಹೆಚ್ಚೆಂದರೆ ಇನ್ನೊಂದು ವಾರ.

"ನಂದು ಸಾರ್."

"ಏನು ನಿಮ್ದು?"

"ಈ ಹತ್ತು ಚಿತ್ರದಲ್ಲಿರೋದು ನನ್ನ ನಾಳ."

ಕ್ರೇನಕ್ಕ ಒಮ್ಮೆ ಪರದೆಯನ್ನು, ಒಮ್ಮೆ ಗಡಿಯಾರದಮ್ಮನ ಹೊಟ್ಟೆಯನ್ನು ನೋಡಿದಳು.

"ಹಾರ್ಮೋನು ಮೊದಲ ಸಲ ಬಂದಾಗ, ಯಂತ್ರ ಹೊಂದಿಸೋಕೆ ನಮ್ಮಲ್ಲೇ ಒಬ್ಬರು ಮಲಗಬೇಕು ಅಂದ್ರಿ. ಯಾರೂ ಮುಂದೆ ಬರಲಿಲ್ಲ. ನಾನು ಬರೆದುಕೊಟ್ಟು ಮಲಗಿದೆ. ಆಗ ಅನಾನಸ್ ರಸದ ಪದ್ಧತಿ ಇರಲಿಲ್ಲ. ನನ್ನ ಜಠರದ ಬಿಳಿ ಅಡ್ಡ ಬಂತು ಅಂತಲೇ ಆಮೇಲೆ ಶುರು ಮಾಡಿದ್ವಿ. ಇಲ್ನೋಡಿ, ನಾಳ ಈ ತಿರುವಲ್ಲಿ ಒಂದು ಸುತ್ತು ಸುತ್ತಿದೆ. ಅವತ್ತು ನೀವು ನಗಾಡಿದ್ರಿ. ಕಿವಿಯೋಲೆ ಕೊಕ್ಕೆ ನುಂಗಿದ್ದೀರೇನಮ್ಮ ಅಂತ."

ಡಾಕ್ಟರಿಗೆ ನೆನಪಾಯಿತು. ಮುಖದ ಬಣ್ಣ ಇಳಿದದ್ದರಲ್ಲೇ ಅದು ಗೊತ್ತಾಗುತ್ತಿತ್ತು. ಆದರೆ ಮರುಗಳಿಗೆಯಲ್ಲಿ ಅವರ ಹುಬ್ಬು ಗಂಟಿಕ್ಕಿತು.

"ಆ ಚಿತ್ರ 'ಪ್ರಯೋಗ' ಅನ್ನೋ ಹೆಸರಲ್ಲಿ ಈ ಯಂತ್ರದಲ್ಲೇ ಇತ್ತು. ತೆಗೆದು ಹೋಲಿಸೋಣ."

"ಬೆಳಿಗ್ಗೆನೇ ನೋಡಿದೆ. ಅಲ್ಲಿಲ್ಲ. ನಕಲು ಮಾಡಿಲ್ಲ, ಎತ್ತಿ ಇಲ್ಲಿಗೆ ಹಾಕಿದ್ದಾರೆ."

"ಅದು ಅಲ್ಲಿದೆ ಅಂತ ಗೊತ್ತಿದ್ದದ್ದು ಮೂರೇ ಜನಕ್ಕೆ. ನನಗೆ, ನಿಮಗೆ, ಇಂಜೆಕ್ಷನ್ ಕೊಟ್ಟ ಸಿಸ್ಟರ್‌ಗೆ."

"ಹೌದು. ನಿನ್ನೆ ವೆಲ್ಡರ್‌ಗೂ ಅವರೇ ಇಂಜೆಕ್ಷನ್ ಕೊಟ್ಟಿದ್ದು. ಇವತ್ತು ರಜೆ ಹಾಕಿದ್ದಾರೆ. ಫೋನ್ ಎತ್ತುತ್ತಿಲ್ಲ."

"ಇಲ್ಲದವರ ಮೇಲೆ ಹಾಕೋದು ಸುಲಭ" ಎಂದರು ಡಾಕ್ಟರು. 'ನೀವು' ಹೋಗಿ 'ನೀನು' ಬಂತು. "ಯಂತ್ರದ ಒಳಹೊರಗು ಬಲ್ಲವಳು ಇಲ್ಲಿ ನೀನೊಬ್ಬಳೇ. ಚಿತ್ರ ನಿನ್ನದು, ಯಂತ್ರ ನಿನ್ನದು. ಅನುಮಾನ ಯಾರ ಮೇಲೆ ಬರತ್ತೆ ಗೊತ್ತಾ?"

"ನನ್ನ ಮೇಲೆ."

"ಕೆಲಸ ಒಂದೇ ಅಲ್ಲ, ಪೊಲೀಸ್ ಬರ್ತಾರೆ."

"ಬರಲಿ ಸಾರ್. ಆ ನಾಲ್ಕು ಸಾಲಿನ ಕೆಳಗೆ ಐದನೇ ಸಾಲೂ ಬರೀರಿ, ಚಿತ್ರ ಬದಲಾಯಿಸಿದ್ದು ಇವಳೇ ಇರಬಹುದು ಅಂತ. ಅದರ ಕೆಳಗೆ ಬೇಕಾದ್ರೆ ಸೈನ್ ಹಾಕ್ತೀನಿ. ಆದ್ರೆ ಆ ಮನುಷ್ಯನ್ನ ಮಾತ್ರ ಕಳಿಸ್ಬೇಡಿ."

ಇಷ್ಟು ಮಾತು ತನ್ನ ಬಾಯಿಂದ ಬಂತೇ ಎಂದು ಅವಳಿಗೇ ದಿಗಿಲಾಯಿತು. ಕೂರಬೇಕೆನ್ನಿಸಿತು. ಆದರೂ ಕೂರಲಿಲ್ಲ. ಕುರ್ಚಿ ಹೇಗೂ ಕ್ರೇನಕ್ಕನ ಕೆಳಗಿತ್ತು.

"ನಿನ್ನ ಬಾಯಿಮಾತು ನಂಬಿ ನನ್ನ ರಿಪೋರ್ಟು ನಾನೇ ಹರೀಲಾ? ಸಾಕ್ಷಿ ಏನಿದೆ?"

ಗಡಿಯಾರದಮ್ಮ ಕಿವಿಯೋಲೆ ಬಿಚ್ಚಿ ಮೇಜಿನ ಮೇಲಿಟ್ಟಳು. ಬಳೆ, ವಾಚು, ತಲೆಯ ಪಿನ್ನುಗಳು ಅದರ ಪಕ್ಕಕ್ಕೆ ಸೇರಿದವು.

"ಸಾಕ್ಷಿ ನನ್ನ ಹೊಟ್ಟೆಯಲ್ಲೇ ಇದೆ. ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ. ಆ ಸುತ್ತು ಕಾಣೋಕೆ ಹಾರ್ಮೋನೂ ಬೇಕಿಲ್ಲ. ಕಾಲು ಗಂಟೆ ಕೆಲಸ. ಮಲಗ್ತೀನಿ, ನೀವೇ ತೆಗೀರಿ."

"ನಾನಾ?"

"ನಾನು ಒಳಗಿದ್ದು ಹೊರಗಿನ ಗುಂಡಿ ಒತ್ತೋಕಾಗತ್ತಾ?"

ಕ್ರೇನಕ್ಕ ತೊಡೆ ತಟ್ಟಿ ನಕ್ಕಳು. "ಒತ್ತಿ ಸ್ವಾಮಿ, ಒತ್ತಿ. ಇಷ್ಟು ಓದಿದ್ದೀರಲ್ಲ."

ಹನ್ನೊಂದೂಕಾಲಿಗೆ, ಹಿಂದೆ ದಾರ ಕಟ್ಟುವ ರೋಗಿಯ ನಿಲುವಂಗಿ ತೊಟ್ಟು, ತಾನು ಸಾವಿರಾರು ಜನರನ್ನು ಮಲಗಿಸಿದ ಹಲಗೆಯ ಮೇಲೆ ಗಡಿಯಾರದಮ್ಮ ಮಲಗಿದಳು. ಹಲಗೆ ಒಳಕ್ಕೆ ಸರಿಯಿತು. ಮೂಗಿನಿಂದ ಗೇಣು ದೂರದಲ್ಲಿ ಬಿಳಿ ಸುರಂಗ. ಕಿವಿಯ ಪಕ್ಕದ ಸ್ಪೀಕರಿನಲ್ಲಿ ಡಾಕ್ಟರ ಏದುಸಿರು ಕೇಳಿಸುತ್ತಿತ್ತು.

"ಎಡಗಡೆ ಪಟ್ಟಿಯಲ್ಲಿ ಮೇಲಿಂದ ಮೂರನೇದು ಸಾರ್" ಎಂದಳು ಒಳಗಿನಿಂದಲೇ.

"ಒತ್ತಿದೆ."

"ಅದಲ್ಲ. ಅದು ಮೊಣಕಾಲಿಂದು."

"ಹೌದಾ? ಹೆಸರು ಸರಿಯಾಗಿ ಬರೀಬಾರದಾ ಇವರು?"

"ನೀವೇ ಬರೆಸಿದ್ದು ಸಾರ್."

ಯಂತ್ರ ಗಡಗಡ ಎಂದು ಬಡಿಯತೊಡಗಿತು. ಉಸಿರು ಬಿಗಿಹಿಡಿ ಎಂದು ಹೇಳುವವರಿಲ್ಲ. ಡಾಕ್ಟರು ಅದನ್ನು ಮರೆತೇಬಿಟ್ಟಿದ್ದರು. ಅವಳೇ ಲೆಕ್ಕ ಹಾಕಿ ಹಿಡಿದಳು, ಬಿಟ್ಟಳು, ಹಿಡಿದಳು. ಆ ಸದ್ದಿನ ನಡುವೆ ಅನುಮಾನ ಮತ್ತೆ ತಲೆ ಎತ್ತಿತು. ನಾಳದ ಸುತ್ತು ಕಾಣದೆ ಹೋದರೆ? ಆ ಕಲೆ ನಿಜಕ್ಕೂ ತನ್ನ ಕಣ್ಣಿನದ್ದೇ ಆಗಿದ್ದರೆ? ಕಣ್ಣು ಮುಚ್ಚಿದರೆ ಹುಣಸೆಬೀಜದಷ್ಟು ಬಿಳಿ ಎದುರಿಗೆ ಬಂದು ನಿಲ್ಲುತ್ತಿತ್ತು. ಅಲ್ಲ, ನೋಡಿದ್ದೇನೆ. ನೋಡಿದ್ದನ್ನು ನೋಡಿಲ್ಲ ಎನ್ನಲಾರೆ.

ಸದ್ದು ನಿಂತಿತು.

ಸ್ಪೀಕರಿನಲ್ಲಿ ಕ್ರೇನಕ್ಕನ ದನಿ ಸುರಂಗವನ್ನೇ ನಡುಗಿಸಿತು.

"ಮೇಡಂ! ಅದೇ ಸುತ್ತು! ನನಗೂ ಕಾಣಿಸ್ತಿದೆ! ಅಚ್ಚು ಒತ್ತಿದ ಹಾಗಿದೆ!"

ಅವಳು ಹೊರಗೆ ಬಂದಾಗ ದೊಡ್ಡ ಡಾಕ್ಟರು ಆಗಲೇ ಫೋನು ಹಿಡಿದಿದ್ದರು. ಅವರ ರಿಪೋರ್ಟು ಎರಡು ತುಂಡಾಗಿ ಮೇಜಿನ ಮೇಲೆ ಬಿದ್ದಿತ್ತು. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ಮನುಷ್ಯ ಅಲ್ಲ ಅವರು. ಹರಿದ ಕಾಗದವೇ ಆ ಮಾತು.

"ವಾರ್ಡಾ? ಆ ವೆಲ್ಡರ್‌ನ ಡಿಸ್ಚಾರ್ಜ್ ನಿಲ್ಲಿಸಿ. ಮತ್ತೆ ಹಾರ್ಮೋನ್ ಸ್ಕ್ಯಾನ್ ಮಾಡ್ಬೇಕು, ಈಗಲೇ... ಏನು?... ಯಾವಾಗ?"

ಫೋನು ನಿಧಾನವಾಗಿ ಕೆಳಗಿಳಿಯಿತು.

"ಹೋಗ್ಬಿಟ್ಟಿದ್ದಾನೆ. ಹನ್ನೆರಡು ಆಗೋಕ್ಕೆ ಮುಂಚೆನೇ. ಯಾರ್ಡಿನ ವ್ಯಾನ್ ಬಂದಿತ್ತಂತೆ. ಕಾಗದಕ್ಕೆ ಸೈನ್ ಆಗಿದೆಯಂತೆ."

"ಯಾರ ಸೈನ್? ಅವನ ರಕ್ತಸಂಬಂಧಿ ಅಂತ ಇರೋಳು ನಾನೊಬ್ಬಳೇ!" ಕ್ರೇನಕ್ಕ ಚೀರಿದಳು. "ನಾನು ಇಲ್ಲಿ ನಿಮ್ಮ ಕೊಕ್ಕೆ ನೋಡ್ತಾ ಕೂತಿದ್ದೀನಲ್ಲ!"

ಗಡಿಯಾರದಮ್ಮ ಕಿಟಕಿಗೆ ಹೋದಳು. ಕೆಳಗೆ, ಗೇಟಿನ ಹತ್ತಿರ, ಎರಡು ಆಂಬುಲೆನ್ಸುಗಳ ಹಿಂದೆ ಬೂದು ಬಣ್ಣದ ವ್ಯಾನೊಂದು ದಾರಿಗಾಗಿ ಕಾಯುತ್ತಿತ್ತು.

ಲಿಫ್ಟಿಗೆ ಕಾಯಲಿಲ್ಲ. ಎರಡು ಮಹಡಿಯ ಮೆಟ್ಟಿಲು ಬರಿಗಾಲಲ್ಲಿ ಇಳಿದಳು. ಹಾರುತ್ತಿದ್ದ ನಿಲುವಂಗಿಯನ್ನು ಹಿಂದಿನಿಂದ ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಔಷಧಿ ಅಂಗಡಿಯ ಸಾಲಿನಲ್ಲಿ ನಿಂತವರು ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡಿದರು. ನೋಡಲಿ. ಆಂಬುಲೆನ್ಸು ಸರಿದು ವ್ಯಾನು ಮುಂದೆ ಉರುಳುವುದಕ್ಕೂ ಅವಳು ಅದರ ಮೂತಿಯ ಮುಂದೆ ನಿಲ್ಲುವುದಕ್ಕೂ ಸರಿಹೋಯಿತು.

ಡ್ರೈವರ್ ಹಾರ್ನ್ ಒತ್ತಿದ. ಅವಳು ಅಲುಗಲಿಲ್ಲ.

"ಏನಮ್ಮಾ, ನೀವೂ ಡಿಸ್ಚಾರ್ಜಾ? ಜಾಗ ಇಲ್ಲ, ಬೇರೆ ಗಾಡಿ ನೋಡ್ಕೊಳ್ಳಿ."

"ಹಿಂದಿನ ಬಾಗಿಲು ತೆಗಿ."

"ಪಕ್ಕಕ್ಕೆ ಹೋಗಮ್ಮ."

"ಹೋಗಲ್ಲ. ಹತ್ತಿಸೋ ಹಾಗಿದ್ರೆ ಹತ್ತಿಸು. ಆಸ್ಪತ್ರೆ ಇಲ್ಲೇ ಇದೆ."

ಸುತ್ತ ಜನ ಸೇರತೊಡಗಿದರು. ಡ್ರೈವರ್ ಗೊಣಗುತ್ತ ಇಳಿದು ಬಾಗಿಲು ಎಳೆದ.

ವೆಲ್ಡರ್ ಸೀಟಿನ ಮೇಲೆ ಮುದುಡಿ ಮಲಗಿದ್ದ. ಮೊಣಕಾಲು ಎದೆಗೆ ತಾಗಿತ್ತು. ತುಟಿ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಒಬ್ಬನೇ ಇದ್ದ. ಹಿಡಿದುಕೊಂಡವರು ಯಾರೂ ಇರಲಿಲ್ಲ.

"ಇಳೀರಿ" ಎಂದಳು ಗಡಿಯಾರದಮ್ಮ. "ರಿಪೋರ್ಟು ತಪ್ಪಾಗಿದೆ. ನಿಮ್ಮ ನಾಳ ಒಡೆದಿದೆ. ಈ ಜನರ ಮಾತು ಕೇಳಿ ಹೋದ್ರೆ ನೀವು ಉಳಿಯಲ್ಲ."

"ಯಾರೂ ಹೇಳಿಲ್ಲ ಮೇಡಂ" ಎಂದ ಅವನು. ಹಲ್ಲು ಕಚ್ಚಿಕೊಂಡೇ ಮಾತಾಡುತ್ತಿದ್ದ. "ವ್ಯಾನ್ ಕರೆಸಿದ್ದು ನಾನೇ. ಸೈನ್ ಹಾಕಿದ್ದೂ ನಾನೇ."

"ಒಡೆದಿದೆ ಅಂತ..."

"ಗೊತ್ತು. ನಿನ್ನೆ ಸಂಜೆನೇ ಗೊತ್ತಾಯ್ತು. ಆ ಚಿತ್ರ ಇರಬಾರದು ಅಂತ ಕಾಲು ಹಿಡಿದು ಕೇಳ್ಕೊಂಡೋನೂ ನಾನೇ."

ಗಡಿಯಾರದಮ್ಮನಿಗೆ ಒಂದು ಕ್ಷಣ ಕಿವಿಯೇ ಕೆಟ್ಟಂತಾಯಿತು. "ಯಾರ ಕಾಲು?"

ಅವನು ತಲೆ ಅಲ್ಲಾಡಿಸಿದ. "ಅವರ ಹೆಸರು ಹೇಳಲ್ಲ. ಕುಡುಕ ಅನ್ನಿ, ಸುಳ್ಳ ಅನ್ನಿ, ಏನಾದ್ರೂ ಅನ್ನಿ. ಆ ಏಟು ಮಾತ್ರ ಯಾವ ಕಾಗದದಲ್ಲೂ ಬರಬಾರದು. ಬಂದ್ರೆ, ಅವತ್ತು ಯಾವ ಕ್ರೇನು ಎಲ್ಲಿತ್ತು ಅಂತ ಇಂಚಿಂಚು ಅಳೀತಾರೆ."

"ಮೂರನೇ ಕ್ರೇನಿನವನಿಗೋಸ್ಕರ ಪ್ರಾಣ ಕೊಡ್ತೀರಾ?"

ಮೆಟ್ಟಿಲ ಕಡೆಯಿಂದ ಆ ದೊಡ್ಡ ದನಿ ಬರುತ್ತಿತ್ತು. ಕ್ರೇನಕ್ಕ ಜನರನ್ನು ತಳ್ಳಿಕೊಂಡು ಓಡಿ ಬರುತ್ತಿದ್ದಳು. ಗಡಿಯಾರದಮ್ಮ ಬಿಟ್ಟು ಬಂದಿದ್ದ ಚಪ್ಪಲಿ ಅವಳ ಕೈಯಲ್ಲಿತ್ತು.

ವೆಲ್ಡರ್ ಅದನ್ನು ನೋಡಿದ. ಸರಕ್ಕನೆ ಗಡಿಯಾರದಮ್ಮನ ತೋಳು ಹಿಡಿದು ಬಗ್ಗಿಸಿಕೊಂಡ. ಅವನ ಬಿಸಿಯುಸಿರು ಅವಳ ಕಿವಿಗೆ ತಾಗಿತು.

"ಮೂರನೇ ಕ್ರೇನು ಅವತ್ತು ಕೆಟ್ಟು ನಿಂತಿತ್ತು ಮೇಡಂ. ನನಗೆ ಬಡಿದ ಕೊಕ್ಕೆ ಒಂದನೇದು. ನನ್ನ ಅಕ್ಕಂಗೆ ಗೊತ್ತಿಲ್ಲ."

ಚಪ್ಪಲಿಗಳು ನೆಲಕ್ಕೆ ಬಿದ್ದವು. ಕ್ರೇನಕ್ಕ ವ್ಯಾನಿನ ಬಾಗಿಲು ಹಿಡಿದು ಏದುಸಿರು ಬಿಡುತ್ತಿದ್ದಳು.

"ಏನಂದ? ಅವನ ಹೆಸರು ಹೇಳಿದ್ನಾ? ಹೇಳಿ ಮೇಡಂ, ಜೈಲಿಗೆ ಕಳಿಸೋವರೆಗೂ ನಾನು ಸುಮ್ನಿರಲ್ಲ. ಯಾರಂತೆ?"